7 ಐರನ್‌ಗೆ ಎಷ್ಟು ಡಿಗ್ರಿ? ಹಳೆಯ ಸೆಟ್, ಹೊಸ ಸೆಟ್ ಮತ್ತು ದೂರದ ಲೆಕ್ಕ

ಗಾಲ್ಫ್ ಐರನ್‌ನ, ಅಂದರೆ ಲೋಹದ ತಲೆಯ ಹೊಡೆಯುವ ಕೋಲಿನ (ಕ್ಲಬ್‌ನ), ತಳದಲ್ಲಿ ಅಚ್ಚೊತ್ತಿರುವ 7 ಎಂಬ ಅಂಕಿ ಯಾವುದರ ಅಳತೆಯೂ ಅಲ್ಲ. ಈ ಆಟದ ನಿಯಮಗಳನ್ನು ರೂಪಿಸುವವು ಎರಡು ಸಂಸ್ಥೆಗಳು: ಸೇಂಟ್ ಆಂಡ್ರೂಸ್‌ನ ಆರ್ ಅಂಡ್ ಎ ಮತ್ತು ಅಮೆರಿಕದ ಯುಎಸ್‌ಜಿಎ. ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ ಇರಕೂಡದು, ಚೆಂಡನ್ನು ಕುಳಿಗೆ ಉರುಳಿಸುವ ಪಟರ್ ಒಂದನ್ನು ಬಿಟ್ಟು ಯಾವುದರ ಉದ್ದವೂ 48 ಅಂಗುಲ ಮೀರಕೂಡದು, ಚೆಂಡಿಗೆ ತಾಗುವ ಮುಖ, ಅಂದರೆ ಫೇಸ್, ಇಷ್ಟಕ್ಕಿಂತ ಹೆಚ್ಚು ಪುಟಿಯಕೂಡದು, ಅದರ ಮೇಲಿನ ಗೀರುಗಳ ಅಗಲ ಆಳ ಇಷ್ಟೇ ಇರಬೇಕು ಎಂದೆಲ್ಲ ಅವು ಕರಾರುವಾಕ್ಕಾಗಿ ಹೇಳುತ್ತವೆ. ಆದರೆ 7 ಐರನ್‌ನ ಫೇಸ್ ಎಷ್ಟು ಡಿಗ್ರಿ ಹಿಂದಕ್ಕೆ ವಾಲಿರಬೇಕು, ಅಂದರೆ ಅದರ ಲಾಫ್ಟ್ ಎಷ್ಟಿರಬೇಕು ಎಂಬುದನ್ನು ತಯಾರಕರಿಗೇ ಬಿಟ್ಟುಬಿಟ್ಟಿವೆ. ಲಾಫ್ಟ್ ಇಳಿದಷ್ಟೂ ಚೆಂಡು ತಗ್ಗಾಗಿ ಹಾರಿ ದೂರ ಹೋಗುತ್ತದೆ. ಹಾಗಾಗಿ 1960ರ ದಶಕದ ಸೆಟ್‌ನಲ್ಲಿ 40 ಡಿಗ್ರಿಯ ಆಸುಪಾಸಿನಲ್ಲಿದ್ದ 7 ಐರನ್, ಕೆಲವೇ ವರ್ಷಗಳ ಹಿಂದೆ ಬಂದ ಟೇಲರ್‌ಮೇಡ್ ಸ್ಟೆಲ್ತ್ ಸೆಟ್‌ನಲ್ಲಿ 28 ಡಿಗ್ರಿಗೆ ಇಳಿದಿದೆ. ನಡುವೆ 12 ಡಿಗ್ರಿ ಕರಗಿದರೂ ಅಂಕಿ ಮಾತ್ರ ಅದೇ 7.

ಮೆಟ್ರಿಕ್ ಪದ್ಧತಿ ಬರುವ ಮುನ್ನ ನಮ್ಮ ಸೀಮೆಗಳಲ್ಲಿ ಸೇರು ಹೀಗೆಯೇ ಇತ್ತು. ಮುಂಬೈ ಸೇರು ಬೇರೆ, ಮದರಾಸು ಸೇರು ಬೇರೆ. ಒಂದು ಸೇರು ಅಕ್ಕಿ ಎಂದರೆ ಯಾವ ಊರಿನ ಸೇರು ಎಂದು ಕೇಳದೆ ವ್ಯಾಪಾರ ಕುದುರುತ್ತಿರಲಿಲ್ಲ. ಗಾಲ್ಫ್ ಅಂಗಡಿಯಲ್ಲಿ ಆ ಪ್ರಶ್ನೆಯನ್ನು ಕೇಳುವವರು ಇಂದಿಗೂ ವಿರಳ. ಮುಂಬೈ, ಪುಣೆಗಳಲ್ಲಿ ಇದು ಈಗ ದುಡ್ಡಿನ ವಿಷಯವೂ ಆಗಿದೆ. ಎರಡೂ ನಗರಗಳಲ್ಲಿ, ಪರದೆಗೆ ಚೆಂಡು ಹೊಡೆದರೆ ದೂರ ಲೆಕ್ಕ ಹಾಕಿ ತೋರಿಸುವ ಒಳಾಂಗಣ ಸಿಮ್ಯುಲೇಟರ್‌ಗಳು ಬಂದಿವೆ. ಸಂಜೆ ಕಚೇರಿ ಮುಗಿಸಿ ಹೋದವರು ತಮ್ಮ ಹಳೆಯ 7 ಐರನ್‌ನಲ್ಲಿ ಹೊಡೆದಾಗ ಪರದೆಯ ಮೇಲೆ 140 ಗಜ ಬರುತ್ತದೆ, ಪಕ್ಕದ ಸ್ಟ್ಯಾಂಡಿನಲ್ಲಿರುವ ಹೊಸ 7 ಐರನ್‌ನಲ್ಲಿ ಹೊಡೆದಾಗ 160 ಬರುತ್ತದೆ. 20 ಗಜ ಎಂದರೆ ಎರಡು ಕ್ಲಬ್‌ಗಳ ಅಂತರ. ಲಕ್ಷ ರೂಪಾಯಿ ದಾಟುವ ಸೆಟ್ ಅಲ್ಲಿಯೇ ಮಾರಾಟವಾಗಿಬಿಡುತ್ತದೆ. ಕೊಂಡವರಿಗೆ ಆ 20 ಗಜದಲ್ಲಿ ಎಷ್ಟು ತಂತ್ರಜ್ಞಾನದ್ದು, ಎಷ್ಟು ಅಂಕಿ ಬದಲಿಸಿದ್ದರಿಂದ ಬಂದದ್ದು ಎಂಬ ಲೆಕ್ಕವನ್ನು ಯಾರೂ ಒಪ್ಪಿಸುವುದಿಲ್ಲ. ಆ ಲೆಕ್ಕವನ್ನು ಬಿಡಿಸಿಡುವುದು ಈ ಲೇಖನದ ಉದ್ದೇಶ.

ಮೆಟ್ಟಿಲುಗಳು ಜಾರಿದ ಬಗೆ

ಐರನ್‌ಗಳಿಗೆ ಅಂಕಿ ಬಂದದ್ದೇ ತಡವಾಗಿ. ಹಿಕರಿ ಮರದ ಹಿಡಿಯ ಕಾಲದಲ್ಲಿ ಕ್ಲೀಕ್, ಮ್ಯಾಶಿ, ಮ್ಯಾಶಿ ನಿಬ್ಲಿಕ್, ನಿಬ್ಲಿಕ್ ಎಂಬ ಹೆಸರುಗಳಿದ್ದವು. ಒಬ್ಬ ಕಮ್ಮಾರನ ಮ್ಯಾಶಿಗೂ ಇನ್ನೊಬ್ಬನ ಮ್ಯಾಶಿಗೂ ಹೊಂದಿಕೆ ಇರಬೇಕೆಂಬ ನಿರೀಕ್ಷೆಯೇ ಇರಲಿಲ್ಲ. ಉಕ್ಕಿನ ಶಾಫ್ಟ್‌ಗೆ, ಅಂದರೆ ಕ್ಲಬ್‌ನ ಉದ್ದ ಕೋಲಿಗೆ, ಯುಎಸ್‌ಜಿಎ 1924ರಲ್ಲಿ, ಆರ್ ಅಂಡ್ ಎ 1929ರಲ್ಲಿ ಒಪ್ಪಿಗೆ ಕೊಟ್ಟವು. ಅದಾದ ಮೇಲೆ ಒಂದಕ್ಕೊಂದು ಹೊಂದುವ ಸೆಟ್‌ಗಳನ್ನು ಕಾರ್ಖಾನೆಯಲ್ಲಿ ತಯಾರಿಸುವುದು ಸಾಧ್ಯವಾಯಿತು, 1930ರ ದಶಕದಲ್ಲಿ ಅಂಕಿಗಳು ನೆಲೆಯೂರಿದವು. 14 ಕ್ಲಬ್‌ಗಳ ಮಿತಿ ಬಂದದ್ದೂ ಆ ದಶಕದ ಕೊನೆಯಲ್ಲಿಯೇ.

20ನೆಯ ಶತಮಾನದ ನಡುಭಾಗದ ಸೆಟ್ ಒಂದನ್ನು ಅಳೆದು ನೋಡಿದರೆ ಅಚ್ಚುಕಟ್ಟಾದ ಏಣಿ ಕಾಣುತ್ತದೆ. 2 ಐರನ್‌ಗೆ ಸುಮಾರು 20 ಡಿಗ್ರಿ, 3ಕ್ಕೆ 24, 4ಕ್ಕೆ 28, 5ಕ್ಕೆ 32, 6ಕ್ಕೆ 36, 7ಕ್ಕೆ 40, 8ಕ್ಕೆ 44, 9ಕ್ಕೆ 48, ಹತ್ತಿರದ ಹೊಡೆತಗಳಿಗೆಂದಿರುವ ಪಿಚಿಂಗ್ ವೆಜ್‌ಗೆ 52. ತಯಾರಕರ ನಡುವೆ ಒಂದೆರಡು ಡಿಗ್ರಿ ಆಚೀಚೆ ಇರುತ್ತಿತ್ತು. ಆದರೆ ಮೆಟ್ಟಿಲಿನ ಎತ್ತರ ನಾಲ್ಕು ಡಿಗ್ರಿ, ಉದ್ದದ ಇಳಿಕೆ ಅರ್ಧ ಅಂಗುಲ ಎಂಬುದು ಸಾಮಾನ್ಯವಾಗಿತ್ತು. ಸಾಧಾರಣ ಆಟಗಾರನಿಗೆ ಪ್ರತಿ ಮೆಟ್ಟಿಲಿಗೂ ಹತ್ತು ಗಜದಷ್ಟು ವ್ಯತ್ಯಾಸ ಸಿಗುತ್ತಿತ್ತು. 3 ಐರನ್‌ನಿಂದ ವೆಜ್‌ವರೆಗೆ ಎಲ್ಲಿಯೂ ಕಂದಕವಿಲ್ಲ.

1980ರ ದಶಕದ ಹೊತ್ತಿಗೆ 7 ಐರನ್ 36 ಡಿಗ್ರಿಯ ಆಸುಪಾಸಿಗೆ ಬಂದಿತ್ತು. ಶತಮಾನ ತಿರುಗುವಾಗ 34–35. ಈಗ ಸಾಮಾನ್ಯ ಆಟಗಾರರಿಗೆಂದು ಮಾರುವ ಬಹುಪಾಲು ಸೆಟ್‌ಗಳಲ್ಲಿ 28ರಿಂದ 31. ಪಿಚಿಂಗ್ ವೆಜ್ 52ರಿಂದ 43ಕ್ಕೆ ಇಳಿದಿದೆ. ಹಳೆಯ ಏಣಿಯ ಪಕ್ಕದಲ್ಲಿ ಹೊಸದನ್ನು ನಿಲ್ಲಿಸಿ ನೋಡಿ: ಇಂದಿನ 28 ಡಿಗ್ರಿಯ 7 ಐರನ್ ಅಂದಿನ 4 ಐರನ್, ಇಂದಿನ 43 ಡಿಗ್ರಿಯ ಪಿಚಿಂಗ್ ವೆಜ್ ಅಂದಿನ 8 ಐರನ್‌ಗಿಂತಲೂ ಒಂದು ಡಿಗ್ರಿ ಚಪ್ಪಟೆ. ‘ನಾನು 7 ಐರನ್‌ನಲ್ಲಿ 160 ಗಜ ಹೊಡೆಯುತ್ತೇನೆ’ ಎಂಬ ಮಾತಿಗೆ ಯಾವ ವರ್ಷದ 7 ಎಂದು ಸೇರಿಸದೆ ಅರ್ಥವೇ ಇಲ್ಲ.

ವೃತ್ತಿಪರ ಆಟಗಾರರು ಬಳಸುವ ಮಾದರಿಗಳು ಇಷ್ಟು ಜಾರಿಲ್ಲ ಎಂಬುದನ್ನು ಗಮನಿಸಬೇಕು. ಟೈಟ್ಲಿಸ್ಟ್ 620 ಎಂಬಿ ಎಂಬ, ಒಂದೇ ತುಂಡು ಉಕ್ಕಿನ ಬ್ಲೇಡ್ ಮಾದರಿಯಲ್ಲಿ 7 ಐರನ್ 35 ಡಿಗ್ರಿ, ಪಿಚಿಂಗ್ ವೆಜ್ 47. ಟೇಲರ್‌ಮೇಡ್‌ನದೇ ಪಿ790ಯಲ್ಲಿ 7 ಐರನ್ 30.5, ವೆಜ್ 45. ಒಂದೇ ವರ್ಷ, ಒಂದೇ ಅಂಗಡಿ, ಕೆಲವೊಮ್ಮೆ ಒಂದೇ ಕಂಪನಿಯ ಎರಡು 7 ಐರನ್‌ಗಳ ನಡುವೆ ಆರೇಳು ಡಿಗ್ರಿಯ ವ್ಯತ್ಯಾಸ ಇರಬಹುದು. ಹಳತು–ಹೊಸತು ಎಂಬ ಜಗಳಕ್ಕಿಂತ ಇದು ದೊಡ್ಡ ಗೊಂದಲ.

ಎಂಜಿನಿಯರಿಂಗ್‌ನ ಪಾಲು ಎಷ್ಟು?

ಇದೆಲ್ಲ ಬರೀ ಕಣ್ಕಟ್ಟು ಎಂದು ತೀರ್ಮಾನಿಸುವವರಿದ್ದಾರೆ. ಅದು ಅನ್ಯಾಯದ ತೀರ್ಮಾನ ಎಂದು ನನಗೆ ಅನ್ನಿಸುತ್ತದೆ, ಯಾಕೆಂದರೆ ಇದರ ಹಿಂದೆ ನಿಜವಾದ ಒಂದು ಸಾಧನೆ ಇದೆ.

ಹಳೆಯ ಬ್ಲೇಡ್ ಐರನ್ ಕುಲುಮೆಯಲ್ಲಿ ಬಡಿದು ಮಾಡಿದ ಒಂದೇ ತುಂಡು ಮೃದು ಉಕ್ಕು. ತೂಕ ಫೇಸ್‌ನ ನಡುವಿನ ಹಿಂದೆ ಒಟ್ಟಾಗಿರುತ್ತಿತ್ತು, ಗುರುತ್ವ ಕೇಂದ್ರ ಮೇಲಿರುತ್ತಿತ್ತು. ಚೆಂಡನ್ನು ನಡುಮಧ್ಯದಲ್ಲಿ ತಾಗಿಸಿದರೆ ಕೈಗೆ ಬರುವ ಅನುಭವಕ್ಕೆ ಸಾಟಿಯಿಲ್ಲ. ಬೆರಳಿನಗಲ ಆಚೆ ತಾಗಿದರೆ ತಲೆ ತಿರುಚಿಕೊಳ್ಳುತ್ತದೆ, ಚೆಂಡು ಅರ್ಧ ದಾರಿಯಲ್ಲಿ ಬೀಳುತ್ತದೆ. ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್ ಆಗಿದ್ದು ಪಿಂಗ್ ಸಂಸ್ಥೆ ಕಟ್ಟಿದ ಕಾರ್ಸ್ಟನ್ ಸೋಲ್‌ಹೈಮ್ ಈ ತೂಕವನ್ನು ಹಿಂಬದಿಯ ನಡುವಿನಿಂದ ಕೆತ್ತಿ ತೆಗೆದು ಅಂಚುಗಳಿಗೆ ಹಂಚಿದರು. ಇದೇ ಕ್ಯಾವಿಟಿ ಬ್ಯಾಕ್. 1980ರ ದಶಕದಲ್ಲಿ ಅವರ ಪಿಂಗ್ ಐ2 ಸೆಟ್ ಜಗತ್ತಿನಾದ್ಯಂತ ಹರಡಿತು. ತೂಕ ಅಂಚಿಗೆ ಹೋದಷ್ಟೂ ತಲೆ ತಿರುಚಿಕೊಳ್ಳುವುದು ಕಡಿಮೆಯಾಗುತ್ತದೆ. ತಳಕ್ಕೆ ಹೋದಷ್ಟೂ ಚೆಂಡು ಎತ್ತರಕ್ಕೆ ಏಳುತ್ತದೆ. ಆಮೇಲೆ ಬಂದ ಟಂಗ್‌ಸ್ಟನ್ ತೂಕಗಳು, ಟೊಳ್ಳು ತಲೆಗಳು, ಮ್ಯಾರೇಜಿಂಗ್ ಉಕ್ಕಿನಂಥ ಗಟ್ಟಿ ಲೋಹದ ತೆಳು ಫೇಸ್‌ಗಳು ಇದೇ ದಾರಿಯಲ್ಲಿ ಮುಂದುವರಿದವು. ತೆಳು ಫೇಸ್ ಹೊಡೆತದ ಕ್ಷಣದಲ್ಲಿ ಕೂದಲೆಳೆಯಷ್ಟು ಒಳಕ್ಕೆ ಬಾಗಿ ಪುಟಿಯುತ್ತದೆ. ಈ ಪುಟಿತಕ್ಕೆ 0.83 ಎಂಬ ಗುಣಾಂಕದ ಮಿತಿ ಇದೆ, ಕಂಪನಿಗಳು ಅದರ ಅಂಚಿನವರೆಗೂ ಹೋಗಿ ನಿಂತಿವೆ.

ಈಗ ಮುಖ್ಯ ವಿಷಯ. ಗುರುತ್ವ ಕೇಂದ್ರವನ್ನು ಕೆಳಕ್ಕೆ, ಹಿಂದಕ್ಕೆ ತಳ್ಳಿದ ತಲೆಗೆ ಹಳೆಯ 40 ಡಿಗ್ರಿಯನ್ನೇ ಕೊಟ್ಟರೆ ಚೆಂಡು ಆಕಾಶಕ್ಕೆ ನೆಗೆದು ಮುಂದಕ್ಕೆ ಹೋಗುವುದೇ ಇಲ್ಲ. ಹಾಗಾಗಿ ವಿನ್ಯಾಸಕಾರರು ಲಾಫ್ಟ್ ಇಳಿಸಿ ಏರುವ ಕೋನವನ್ನು ಹಿಂದಿನ ಮಟ್ಟಕ್ಕೆ ತಂದರು. ಚಪ್ಪಟೆಯಾದ ಫೇಸ್‌ನಿಂದ ಚೆಂಡಿಗೆ ಹೆಚ್ಚು ವೇಗ ಸಿಕ್ಕಿತು. ಹಳೆಯ 28 ಡಿಗ್ರಿಯ 4 ಐರನ್ 38 ಅಂಗುಲ ಉದ್ದವಿತ್ತು, ವಾರಾಂತ್ಯದ ಆಟಗಾರರಲ್ಲಿ ಅದನ್ನು ಎತ್ತಿ ಹಾರಿಸಬಲ್ಲವರು ಕೆಲವರೇ. ಇಂದಿನ 28 ಡಿಗ್ರಿಯ 7 ಐರನ್ ಸುಮಾರು 37 ಅಂಗುಲ, ಹಳೆಯ 6 ಐರನ್‌ನಷ್ಟು. ಅಂದರೆ 4ರ ಲಾಫ್ಟ್ ಅನ್ನು 6ರ ಉದ್ದದಲ್ಲಿ, 7ರ ಎತ್ತರದಲ್ಲಿ ಹೊಡೆಯಲು ಸಾಧಾರಣ ಮನುಷ್ಯನಿಗೆ ಸಾಧ್ಯವಾಗಿದೆ. ಅದಕ್ಕೆ ಎಂಜಿನಿಯರ್‌ಗಳಿಗೆ ಪೂರ್ತಿ ಶ್ರೇಯ ಸಲ್ಲಬೇಕು.

ಆದರೆ ದೂರದ ಲೆಕ್ಕಕ್ಕೆ ಬಂದರೆ ಹೆಚ್ಚಿನ ಪಾಲು ಲಾಫ್ಟ್‌ನದೇ. ಸಾಧಾರಣ ವೇಗದ ಆಟಗಾರನಿಗೆ ಮಧ್ಯದ ಐರನ್‌ಗಳಲ್ಲಿ ಒಂದು ಡಿಗ್ರಿಗೆ ಎರಡರಿಂದ ಮೂರು ಗಜ ಎಂದು ಹಿಡಿಯಬಹುದು. ಎಂಟು ಡಿಗ್ರಿ ಕಡಿಮೆಯಾದರೆ ಅದರಿಂದಲೇ ಸುಮಾರು 20 ಗಜ ಬರುತ್ತದೆ. ಅರ್ಧ ಅಂಗುಲ ಹೆಚ್ಚಿದ ಉದ್ದ, 130 ಗ್ರಾಂ ಉಕ್ಕಿನ ಬದಲು ಹಗುರವಾದ ಗ್ರಾಫೈಟ್ ಶಾಫ್ಟ್, ಪುಟಿಯುವ ಫೇಸ್ ಇವು ಇನ್ನು ಕೆಲವು ಗಜ ಸೇರಿಸುತ್ತವೆ. ಇದನ್ನು ಪರೀಕ್ಷಿಸುವ ನೇರ ದಾರಿ ಅಂಕಿಯನ್ನು ಮರೆತು ಡಿಗ್ರಿಗೆ ಡಿಗ್ರಿ ಹೋಲಿಸುವುದು. ಹಳೆಯ 8 ಐರನ್ ಮತ್ತು ಹೊಸ ಪಿಚಿಂಗ್ ವೆಜ್ ಎರಡರಲ್ಲೂ ನಡುಮಧ್ಯದಲ್ಲಿ ತಾಗಿದ ಹೊಡೆತಗಳನ್ನು ಮಾತ್ರ ಎಣಿಸಿ. ಅಂತರ ಬೆರಳೆಣಿಕೆಯ ಗಜಗಳಿಗೆ ಇಳಿಯುತ್ತದೆ. ತಪ್ಪಿದ ಹೊಡೆತಗಳನ್ನೂ ಎಣಿಸಿದರೆ ಹೊಸದು ಸ್ಪಷ್ಟವಾಗಿ ಗೆಲ್ಲುತ್ತದೆ. ನನ್ನ ದೃಷ್ಟಿಯಲ್ಲಿ ಹೊಸ ಐರನ್‌ಗೆ ಕೊಡುವ ಹಣ ನ್ಯಾಯವಾಗಿ ಸಲ್ಲುವುದು ಈ ಕ್ಷಮಾಗುಣಕ್ಕೆ, ಪರದೆಯ ಮೇಲಿನ 160ಕ್ಕೆ ಅಲ್ಲ.

ಇನ್ನೊಂದು ಹೋಲಿಕೆ ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ಟ್ರ್ಯಾಕ್‌ಮ್ಯಾನ್ ಎಂಬ ರೇಡಾರ್ ಸಂಸ್ಥೆ ಪ್ರಕಟಿಸಿದ್ದ ಸರಾಸರಿಗಳ ಪ್ರಕಾರ ಅಮೆರಿಕದ ಪಿಜಿಎ ಟೂರ್‌ನ ಪುರುಷರ 7 ಐರನ್ ನೆಲ ಮುಟ್ಟುವ ಮುನ್ನ 172 ಗಜ ಹಾರುತ್ತದೆ, ನಿಮಿಷಕ್ಕೆ 7,100ರ ಆಸುಪಾಸು ಸುತ್ತು ತಿರುಗುತ್ತದೆ, 50 ಡಿಗ್ರಿ ಕೋನದಲ್ಲಿ ಇಳಿಯುತ್ತದೆ. ಎಲ್‌ಪಿಜಿಎಯ ಮಹಿಳೆಯರದು 141 ಗಜ, 6,700 ಸುತ್ತು, 47 ಡಿಗ್ರಿ. ಅವರ ಕ್ಲಬ್‌ನ ವೇಗ ಗಂಟೆಗೆ 76 ಮೈಲಿ. ನಮ್ಮಲ್ಲಿಯ ವಾರಾಂತ್ಯದ ಆಟಗಾರರಲ್ಲಿ ಬಹಳ ಮಂದಿಯ ವೇಗ ಇದರ ಆಚೀಚೆಯೇ ಇರುತ್ತದೆ. ಆದರೂ ಸಿಮ್ಯುಲೇಟರ್‌ನಲ್ಲಿ 160 ನೋಡಿ, ಜಗತ್ತಿನ ಅತ್ಯುತ್ತಮ ಮಹಿಳಾ ಆಟಗಾರರಿಗಿಂತ ತಾವು 20 ಗಜ ಮುಂದೆ ಎಂದು ನಂಬುವವರಿದ್ದಾರೆ. ಆ ಮಹಿಳೆಯರ ಕೈಯಲ್ಲಿರುವುದು ಬಹುಪಾಲು 31ರಿಂದ 34 ಡಿಗ್ರಿಯ 7, ಇವರ ಕೈಯಲ್ಲಿರುವುದು 28ರದು. ಇಳಿಯುವ ಕೋನದ ಅಂಕಿಯನ್ನು ಇಬ್ಬರ ಮುಂದೆಯೂ ಇಟ್ಟರೆ ವ್ಯತ್ಯಾಸ ಆಗ ಕಾಣುತ್ತದೆ.

ಕಳೆದುಕೊಳ್ಳುವುದು ಏನನ್ನು

ಐರನ್ ಇರುವುದು ಚೆಂಡನ್ನು ಗ್ರೀನ್ ಮೇಲೆ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ನಿಲ್ಲಿಸಲು. ಲಾಫ್ಟ್ ಇಳಿದರೆ ಸ್ಪಿನ್, ಅಂದರೆ ಚೆಂಡು ನಿಮಿಷಕ್ಕೆ ತಿರುಗುವ ಸುತ್ತು, ಇಳಿಯುತ್ತದೆ. ಸ್ಪಿನ್ 5,000ಕ್ಕೆ ಬಂದು, ಇಳಿಯುವ ಕೋನ 45 ಡಿಗ್ರಿಗಿಂತ ಕೆಳಗೆ ಹೋದರೆ ಚೆಂಡು ಗ್ರೀನ್ ಮೇಲೆ ಬಿದ್ದು ಮುಂದಕ್ಕೆ ಓಡಿಹೋಗುತ್ತದೆ. 160 ಗಜ ಹಾರಿ 14 ಗಜ ಉರುಳುವ ಹೊಡೆತಕ್ಕಿಂತ 145 ಹಾರಿ ಮೂರು ಗಜದಲ್ಲಿ ನಿಲ್ಲುವ ಹೊಡೆತ ಸ್ಕೋರ್‌ಕಾರ್ಡಿಗೆ ಹಿತ. ಒಳ್ಳೆಯ ಎತ್ತರ ಸಿಗುವ ವೇಗದ ಆಟಗಾರನಿಗೆ ಇದು ತೊಡಕಾಗದಿರಬಹುದು. ವಯಸ್ಸು 60 ದಾಟಿದವರಿಗೆ, ನಿಧಾನ ಸ್ವಿಂಗಿನವರಿಗೆ ಚಪ್ಪಟೆ ಲಾಫ್ಟ್ ದೂರ ಕೊಡುವ ಬದಲು ಎತ್ತರವನ್ನು ಕಿತ್ತುಕೊಳ್ಳುತ್ತದೆ. ವಿಚಿತ್ರವೆಂದರೆ ‘ದೂರ ಬೇಕೆ?’ ಎಂದು ಈ ಸೆಟ್‌ಗಳನ್ನು ಮೊದಲು ತೋರಿಸುವುದೂ ಅವರಿಗೇ.

ಎರಡನೆಯದು ಕಂದಕಗಳು. ಪಿಚಿಂಗ್ ವೆಜ್ 43, ಮರಳಿನಿಂದ ಚೆಂಡು ಎತ್ತುವ ಸ್ಯಾಂಡ್ ವೆಜ್ 55 ಅಥವಾ 56. ನಡುವೆ 12–13 ಡಿಗ್ರಿ. ಹಳೆಯ ಏಣಿಯಲ್ಲಿ ಇದು ಮೂರು ಮೆಟ್ಟಿಲು. ಆಟ ತೀರ್ಮಾನವಾಗುವ 80ರಿಂದ 115 ಗಜದ ಜಾಗದಲ್ಲಿಯೇ ಕೈಗೆ ಸರಿಯಾದ ಕ್ಲಬ್ ಸಿಗುವುದಿಲ್ಲ. ಅದನ್ನು ತುಂಬಲು ಗ್ಯಾಪ್ ವೆಜ್ ಎಂದು ಇನ್ನೊಂದನ್ನು, ಕೆಲವೊಮ್ಮೆ ಎರಡನ್ನು ಕೊಳ್ಳಬೇಕು. ಮೊದಲು ವೆಜ್‌ನ ಡಿಗ್ರಿ ಕಿತ್ತುಕೊಂಡು, ಆಮೇಲೆ ಅದೇ ಡಿಗ್ರಿಯನ್ನು ಬೇರೆ ಹೆಸರಿನಲ್ಲಿ ಮಾರುವ ಈ ವ್ಯವಸ್ಥೆ ನನಗೆ ಸರಿಕಾಣುವುದಿಲ್ಲ. ಮೇಲಿನ ತುದಿಯಲ್ಲೂ ಇದೇ ಕಥೆ: 4 ಐರನ್ 19–20 ಡಿಗ್ರಿಗೆ ಇಳಿದ ಮೇಲೆ ಅದನ್ನು ಹೊಡೆಯಬಲ್ಲವರು ಇಲ್ಲವಾಗಿ, ಸೆಟ್‌ಗಳು ಈಗ 5ರಿಂದ, ಕೆಲವು 6ರಿಂದ ಶುರುವಾಗುತ್ತವೆ. ಅಲ್ಲಿ ಹೈಬ್ರಿಡ್ ಎಂಬ, ದಪ್ಪ ತಲೆಯ, ಚೆಂಡನ್ನು ಸುಲಭವಾಗಿ ಎತ್ತುವ ಕ್ಲಬ್ ಕೊಳ್ಳಬೇಕು. ಇದರಲ್ಲಿ ನನಗೆ ತಕರಾರಿಲ್ಲ. ಹಳೆಯ 2, 3 ಐರನ್‌ಗಳಿಗಿಂತ ಹೈಬ್ರಿಡ್ ಎಷ್ಟೋ ಪಾಲು ಮೇಲು.

ಮೂರನೆಯದು, ಅಷ್ಟಾಗಿ ಚರ್ಚೆಯಾಗದ ವಿಷಯ: ತೆಳು ಫೇಸ್‌ನ ಟೊಳ್ಳು ಐರನ್‌ನಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಹೊಡೆತ ಹತ್ತು ಗಜ ಹೆಚ್ಚು ಹಾರಿಬಿಡುತ್ತದೆ. ರಫ್ ಎಂಬ ಅಂಚಿನ ಜಾಗದ ಉದ್ದ ಹುಲ್ಲು ಚೆಂಡಿಗೂ ಫೇಸ್‌ಗೂ ನಡುವೆ ಸಿಕ್ಕಿ ಸ್ಪಿನ್ ಬೀಳುವಾಗ ಇದು ಹೆಚ್ಚು. ಅಂಗಡಿಯವರು ಗರಿಷ್ಠ ದೂರವನ್ನು ಹೇಳುತ್ತಾರೆ. ಗ್ರೀನ್ ಹಿಂದೆ ಕಾಡೋ ಕೆರೆಯೋ ಇರುವಲ್ಲಿ ಕೇಳಬೇಕಾದ್ದು, ಹತ್ತು ಹೊಡೆತಗಳಲ್ಲಿ ಅತಿ ಉದ್ದಕ್ಕೂ ಅತಿ ಗಿಡ್ಡಕ್ಕೂ ಇರುವ ಅಂತರ.

ದೂರವೇ ಎಲ್ಲವೂ ಆಗಿದ್ದರೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯುತ್ತಿರಲಿಲ್ಲ. 2021ರ ಆಗಸ್ಟ್‌ನಲ್ಲಿ ನಡೆದ ಆ ಸ್ಪರ್ಧೆಯಲ್ಲಿ ದೂರ ಹೊಡೆಯುವವರ ಸಾಲಿನಲ್ಲಿ ಅವರು ಕೊನೆಯ ಕಡೆಯಲ್ಲಿದ್ದರು. ಉಳಿದವರು ಐರನ್ ಹಿಡಿದ ಕಡೆ ಹೈಬ್ರಿಡ್, ದೂರದ ಹೊಡೆತಕ್ಕೆಂದಿರುವ ಫೇರ್‌ವೇ ವುಡ್ ಹಿಡಿದು ಗ್ರೀನ್ ತಲುಪಿ, ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿಸಿಕೊಂಡರು. ಯಾವ ಕ್ಲಬ್ ಎಷ್ಟು ದೂರ ಹೋಗುತ್ತದೆ ಎಂದು ಗಜದ ಲೆಕ್ಕದಲ್ಲಿ ಗೊತ್ತಿದ್ದರೆ ಅದರ ಮೇಲೆ ಯಾವ ಅಂಕಿ ಇದೆ ಎಂಬುದು ಅಪ್ರಸ್ತುತ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಈ ಸೀಮೆಯ ಗಾಳಿ, ಈ ಸೀಮೆಯ ನೆಲ

ಬೆಂಗಳೂರಿನಲ್ಲಿ ಆಟ ಕಲಿತು ಕೆಲಸಕ್ಕಾಗಿ ಮುಂಬೈಗೆ ಬಂದ ಕನ್ನಡಿಗರು ಮೊದಲ ತಿಂಗಳಲ್ಲಿ ಹೇಳುವ ಮಾತು ಒಂದೇ: ಇಲ್ಲಿ ಚೆಂಡು ಹೋಗುವುದೇ ಇಲ್ಲ. ಕಾರಣವಾಗಿ ಕರಾವಳಿಯ ‘ಭಾರವಾದ’ ತೇವದ ಗಾಳಿಯನ್ನು ತೋರಿಸುತ್ತಾರೆ. ಅದು ಸರಿಯಲ್ಲ. ನೀರಾವಿಯ ಅಣು ಸಾರಜನಕ, ಆಮ್ಲಜನಕಗಳ ಅಣುಗಳಿಗಿಂತ ಹಗುರ. ತೇವದ ಗಾಳಿ ಒಣಗಾಳಿಗಿಂತ ಕಡಿಮೆ ಸಾಂದ್ರ. ಅದರ ಪರಿಣಾಮ ಐರನ್ ಹೊಡೆತದಲ್ಲಿ ಗಮನಕ್ಕೇ ಬಾರದಷ್ಟು ಚಿಕ್ಕದು. ನಿಜವಾದ ಕಾರಣ ಎತ್ತರ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಪುಣೆ ಸುಮಾರು 560, ಮುಂಬೈಯ ಚೆಂಬೂರು, ಕೊಲಾಬಾಗಳು ಹೆಚ್ಚುಕಡಿಮೆ ಸಮುದ್ರದ ಮಟ್ಟದಲ್ಲಿಯೇ. ಸಾವಿರ ಅಡಿಗೆ ಶೇಕಡಾ ಒಂದಕ್ಕಿಂತ ತುಸು ಹೆಚ್ಚು ಎಂಬ ಲೆಕ್ಕ ಹಿಡಿದರೆ, ಮುಂಬೈಯಲ್ಲಿ 145 ಗಜ ಹಾರುವ ಐರನ್ ಪುಣೆಯಲ್ಲಿ 148, ಬೆಂಗಳೂರಿನಲ್ಲಿ 150. ಸಿಮ್ಯುಲೇಟರ್‌ಗಳಲ್ಲಿ ಎತ್ತರ, ತಾಪಮಾನಗಳನ್ನು ಬದಲಿಸುವ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಕೊಳ್ಳುವ ಮುನ್ನ ಅದು ಯಾವುದಕ್ಕೆ ಹೊಂದಿಸಿದೆ ಎಂದು ಕೇಳುವುದು ಗ್ರಾಹಕನ ಹಕ್ಕು.

ನೆಲದ ವಿಷಯದಲ್ಲಿ ಹಳೆಯ, ಹೊಸ ಐರನ್‌ಗಳ ನಡುವಿನ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಮುಂಗಾರು ಹಿಡಿದ ಮೇಲೆ ಚೆಂಬೂರಿನ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ ಇರಲಿ, ನವಿ ಮುಂಬೈಯ ಖಾರ್‌ಘರ್ ಕಣಿವೆಯ ಕೋರ್ಸ್ ಇರಲಿ, ನೆಲ ಸ್ಪಂಜಿನಂತಾಗುತ್ತದೆ. ಹಳೆಯ ಬ್ಲೇಡ್‌ನ ತಳ ಕಿರಿದು, ಮುಂಚೂಣಿಯ ಅಂಚು ಚೂಪು. ಚೆಂಡಿಗಿಂತ ಒಂದು ಬೆರಳು ಹಿಂದೆ ತಾಗಿದರೆ ಅದು ಮಣ್ಣಿನೊಳಗೆ ಇಳಿದು ಅಲ್ಲಿಯೇ ನಿಲ್ಲುತ್ತದೆ. ಹೊಸ ಐರನ್‌ನ ಅಗಲ ತಳ ಕೆಸರಿನ ಮೇಲೆ ಜಾರಿ ಮುಂದೆ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಡುವವರಿಗೆ ದೂರಕ್ಕಿಂತ ಇದೇ ದೊಡ್ಡ ಲಾಭ. ಆ ನಾಲ್ಕು ತಿಂಗಳು ಗ್ರೀನ್‌ಗಳು ಮೆದುವಾಗಿರುವುದರಿಂದ ಚಪ್ಪಟೆಯಾಗಿ ಬಿದ್ದ ಚೆಂಡೂ ನಿಲ್ಲುತ್ತದೆ. ಏಪ್ರಿಲ್–ಮೇನಲ್ಲಿ ಗೋವಾದ ಜಂಬಿಟ್ಟಿಗೆ ನೆಲದಲ್ಲಿಯೋ ಪುಣೆಯ ಗಟ್ಟಿ ಫೇರ್‌ವೇಗಳಲ್ಲಿಯೋ ಆಡಿದರೆ ಪರಿಸ್ಥಿತಿ ತಿರುವುಮುರುವು: ಅಗಲ ತಳ ಗಟ್ಟಿ ನೆಲಕ್ಕೆ ಪುಟಿದು ಚೆಂಡಿನ ಹೊಟ್ಟೆಗೆ ತಾಗುತ್ತದೆ, ಚಪ್ಪಟೆ ಹೊಡೆತ ಗ್ರೀನ್ ಮೇಲೆ ನಿಲ್ಲದು. ಆಗ ಕಿರಿದಾದ ತಳ, ಹೆಚ್ಚು ಲಾಫ್ಟ್ ಇರುವ ಹಳೆಯ ಐರನ್ ಮೇಲುಗೈ ಸಾಧಿಸುತ್ತದೆ. ಕಡಲ ಗಾಳಿಯ ಊರಿನಲ್ಲಿ ಹಳೆಯ ಸೆಟ್ ಕೊಳ್ಳುವವರು ಕ್ರೋಮ್ ಲೇಪ ಎಲ್ಲಿಯಾದರೂ ಎದ್ದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು; ಕೆಳಗಿರುವುದು ಮೃದು ಇಂಗಾಲದ ಉಕ್ಕು, ಒಂದೇ ಮಳೆಗಾಲದಲ್ಲಿ ಕಿಲುಬು ಗೀರುಗಳ ಒಳಗೆ ಸೇರುತ್ತದೆ.

ಹಿರಿಯರ ನೆನಪಿನ ದೂರಗಳನ್ನು ಇಂದಿನವುಗಳ ಜೊತೆ ಹೋಲಿಸುವಾಗ ಚೆಂಡನ್ನು ಮರೆಯುವುದು ಸಾಮಾನ್ಯ. ಆರ್ ಅಂಡ್ ಎ ನಿಯಮದಡಿ 1.62 ಅಂಗುಲ ವ್ಯಾಸದ ಸಣ್ಣ ಚೆಂಡಿಗೆ 1990ರವರೆಗೆ ಅವಕಾಶವಿತ್ತು, ಅಮೆರಿಕದ್ದು 1.68 ಅಂಗುಲ. ನಮ್ಮಲ್ಲಿಯ ಆಟ ಆರ್ ಅಂಡ್ ಎ ನೆರಳಿನಲ್ಲಿಯೇ ಬೆಳೆದದ್ದು. ಸಣ್ಣ ಚೆಂಡು ಎದುರುಗಾಳಿಯನ್ನು ಸೀಳಿ ಹೋಗುತ್ತಿತ್ತು. ರಬ್ಬರ್ ದಾರ ಸುತ್ತಿ ಬಲಾಟಾ ಎಂಬ ಮೃದು ಹೊದಿಕೆ ಹಾಕಿದ ಚೆಂಡು ವಿಪರೀತ ತಿರುಗುತ್ತಿತ್ತು. 2000ದ ಕೊನೆಯಲ್ಲಿ ಟೈಟ್ಲಿಸ್ಟ್ ಪ್ರೊ ವಿ1 ಬಂದ ಮೇಲೆ ಘನ ತಿರುಳಿನ, ಕಡಿಮೆ ತಿರುಗುವ ಚೆಂಡೇ ಎಲ್ಲೆಡೆ ನೆಲೆಸಿತು. ಹಳೆಯ ಬ್ಲೇಡ್‌ನಲ್ಲಿ ಇಂದಿನ ಚೆಂಡನ್ನು ಹೊಡೆದರೆ ಅದು ಅಂದಿನ ಆಟವಾಗುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ಎರಡೂ ಸಂಸ್ಥೆಗಳು ಚೆಂಡಿನ ದೂರಕ್ಕೆ ಹೊಸ ಕಡಿವಾಣ ಪ್ರಕಟಿಸಿದಾಗ ಐರನ್‌ಗಳ ಕಥೆ ಮುಗಿಯಿತು ಎಂದು ಕೆಲವರು ಆತಂಕಪಟ್ಟರು. ಆ ಪರೀಕ್ಷೆ ನಡೆಯುವುದು ಅತಿ ದೂರ ಹೊಡೆಯುವ ಕ್ಲಬ್ ಆದ ಡ್ರೈವರ್‌ನ ಗಂಟೆಗೆ 125 ಮೈಲಿ ವೇಗದಲ್ಲಿ. ನಮ್ಮ 7 ಐರನ್ ಮಟ್ಟಿಗೆ ಅದರ ಪೆಟ್ಟು ನಗಣ್ಯ.

ಡಿಗ್ರಿಯನ್ನು ಅಚ್ಚೊತ್ತಲು ಅಡ್ಡಿಯೇನು?

ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ಇದೇ ಕಂಪನಿಗಳು ಡ್ರೈವರ್ ಮಾರುವಾಗ 9, 10.5 ಎಂದು ಡಿಗ್ರಿಯನ್ನು ತಳದಲ್ಲಿ ಬರೆಯುತ್ತವೆ. ಬಿಡಿಯಾಗಿ ಮಾರುವ ವೆಜ್‌ಗಳ ಮೇಲೆ 50, 54, 58 ಎಂದು ದೊಡ್ಡದಾಗಿ ಅಚ್ಚೊತ್ತುತ್ತವೆ. ಎರಡರ ನಡುವೆ ಬರುವ ಐರನ್‌ಗಳಿಗೆ ಮಾತ್ರ 7, 8, 9. ತಾಂತ್ರಿಕ ತೊಂದರೆ ಯಾವುದೂ ಇಲ್ಲ. ಕಂಪನಿಗಳ ಜಾಲತಾಣಗಳಲ್ಲಿ ಪ್ರತಿ ಐರನ್‌ನ ಲಾಫ್ಟ್ ಪಟ್ಟಿ ಇದ್ದೇ ಇರುತ್ತದೆ. ಅಂಕಿಯ ಪಕ್ಕದಲ್ಲಿ ಸಣ್ಣದಾಗಿ ಡಿಗ್ರಿ ಬರೆದರೆ ಪಕ್ಕದವನ 7ಕ್ಕಿಂತ ನನ್ನ 7 ದೂರ ಹೋಗುತ್ತದೆ ಎಂಬ ಮಾರಾಟದ ಮಾತು ಬಿದ್ದುಹೋಗುತ್ತದೆ, ಅಷ್ಟೇ. ನಿಯಮ ಮಾಡುವ ಸಂಸ್ಥೆಗಳು ಲಾಫ್ಟ್ ಎಷ್ಟಿರಬೇಕೆಂದು ಹೇಳಬೇಕಿಲ್ಲ. ಎಷ್ಟಿದೆ ಎಂಬುದನ್ನು ಕ್ಲಬ್ ಮೇಲೆ ಬರೆಯಿರಿ ಎಂದರೆ ಸಾಕು. ಹೊಸದಾಗಿ ಆಟಕ್ಕೆ ಬರುವ ಮಕ್ಕಳ ತಂದೆ ತಾಯಂದಿರು ಸಾಲ ಮಾಡಿ ಸೆಟ್ ಕೊಡಿಸುವ ದೇಶದಲ್ಲಿ ಈ ಬೇಡಿಕೆ ಇಡುವುದು ಅತಿಯಾಗದು.

ಅಲ್ಲಿಯವರೆಗೆ ಡಿಗ್ರಿಯನ್ನು ನಾವೇ ಅಳೆಸಿಕೊಳ್ಳಬೇಕು. ಕ್ಲಬ್ ಫಿಟ್ಟಿಂಗ್ ಮಾಡುವ ಕಡೆಗಳಲ್ಲಿ, ಕೆಲವು ಪ್ರೊ ಶಾಪ್‌ಗಳಲ್ಲಿ ಲಾಫ್ಟ್ ಅಳೆಯುವ, ಬಾಗಿಸುವ ಯಂತ್ರ ಇರುತ್ತದೆ. ಬಡಿದು ಮಾಡಿದ ಹಳೆಯ ಐರನ್‌ಗಳು ದಶಕಗಳ ಬಳಕೆಯಲ್ಲಿ ಒಂದೆರಡು ಡಿಗ್ರಿ ಸರಿದಿರುವುದು ಸಾಮಾನ್ಯ. ಮೃದು ಉಕ್ಕಾದ್ದರಿಂದ ಎರಡು ಡಿಗ್ರಿ ಬಾಗಿಸಿ ಸರಿಪಡಿಸಬಹುದು. ಎರಕ ಹೊಯ್ದ ಸ್ಟೇನ್‌ಲೆಸ್ ಉಕ್ಕಿನ ತಲೆಗಳಲ್ಲಿ ಅಷ್ಟು ಧೈರ್ಯ ಮಾಡುವಂತಿಲ್ಲ, ಮುರಿಯುವ ಅಪಾಯವಿದೆ. ಒಂದು ಡಿಗ್ರಿ ಚಪ್ಪಟೆ ಮಾಡಿದರೆ ತಳ ನೆಲದಲ್ಲಿ ಹೂತುಹೋಗದಂತೆ ತಡೆಯುವ ಕೋನ, ಅಂದರೆ ಬೌನ್ಸ್ ಕೂಡ ಒಂದು ಡಿಗ್ರಿ ಕಡಿಮೆಯಾಗುತ್ತದೆ ಎಂಬುದು ನೆನಪಿರಬೇಕು. ಪರೀಕ್ಷೆಗೆ ನಿಂತಾಗ ಅಭ್ಯಾಸದ ರೇಂಜ್‌ನ ಸವೆದ ಚೆಂಡುಗಳನ್ನು ನಂಬಬೇಡಿ, ನೀವು ಆಡುವ ಚೆಂಡನ್ನೇ ಒಯ್ಯಿರಿ. ಮ್ಯಾಟ್ ಮೇಲೆ ಹೊಡೆದಾಗ ಹಿಂದೆ ತಾಗಿದ ಹೊಡೆತವೂ ಜಾರಿ ಚೆನ್ನಾಗಿಯೇ ಹೋಗುವುದರಿಂದ ತಳದ ಗುಣ ಅಲ್ಲಿ ಗೊತ್ತಾಗುವುದಿಲ್ಲ; ಸಾಧ್ಯವಿದ್ದರೆ ಹುಲ್ಲಿನ ಮೇಲೆ ಹೊಡೆಯಿರಿ. ಪರದೆಯಲ್ಲಿ ದೂರದ ಜೊತೆಗೆ ಸ್ಪಿನ್ ಮತ್ತು ಇಳಿಯುವ ಕೋನವನ್ನು ತೋರಿಸಲು ಹೇಳಿ.

ಪುಣೆಯ ಬಾಣೇರ್‌ನಲ್ಲಿರುವ ಧಾರವಾಡ ಮೂಲದ ಗೆಳೆಯರೊಬ್ಬರಿಗೆ ಅವರ ಮಾವ ನೌಕಾಪಡೆಯ ದಿನಗಳಲ್ಲಿ ಬಳಸಿದ ಬ್ಲೇಡ್ ಸೆಟ್ ಒಂದು ಬಂದಿತ್ತು. ಅಷ್ಟರಲ್ಲಿ ಅವರು 28 ಡಿಗ್ರಿಯ 7 ಇರುವ ಹೊಸ ಸೆಟ್ ಕೊಂಡಾಗಿತ್ತು. ಹಳೆಯದನ್ನು ಗೋಡೆಗೆ ತೂಗುಹಾಕುವ ಯೋಚನೆಯಲ್ಲಿದ್ದರು, ಜೊತೆಗೆ ಗ್ಯಾಪ್ ವೆಜ್ ಹುಡುಕುತ್ತಿದ್ದರು. ಎರಡೂ ಸೆಟ್‌ಗಳನ್ನು ಯಂತ್ರದ ಮೇಲೆ ಇಟ್ಟು ಅಳೆಸಿದಾಗ ಹೊಸ ಪಿಚಿಂಗ್ ವೆಜ್ 43 ಬಂತು, ಮಾವನ 9 ಐರನ್ 47, ಅವರ ಪಿಚಿಂಗ್ ವೆಜ್ 51. ಗೆಳೆಯರ ಸ್ಯಾಂಡ್ ವೆಜ್ 56. ಮೆಟ್ಟಿಲುಗಳು ತಾವಾಗಿಯೇ ಕೂಡಿಕೊಂಡವು. ಉದ್ದದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ, ಹಿಡಿಗಳನ್ನು ಮಾತ್ರ ಹೊಸದಾಗಿ ಹಾಕಿಸಿದರು. ಹೊಸ ಸೆಟ್‌ನ 5ರಿಂದ ಪಿಚಿಂಗ್ ವೆಜ್‌ವರೆಗಿನ ಆರು ಕ್ಲಬ್, ಅದರ ಕೆಳಗೆ ಮಾವನ ಎರಡು, ಕೊನೆಗೆ ಸ್ಯಾಂಡ್ ವೆಜ್ ಎಂದು ಈಗ ಅವರ ಚೀಲ ಜೋಡಣೆಯಾಗಿದೆ. ಮಳೆಗಾಲದಲ್ಲಿ ಮಾತ್ರ 51ರದನ್ನು ಹೊರಗಿಟ್ಟು, ಅಗಲ ತಳದ ಇನ್ನೊಂದನ್ನು ಎರವಲು ಪಡೆಯುತ್ತಾರೆ.